ಮುಗ್ಗಿದ ಕಾಳು, ಸೊಪ್ಪಿನ ಸಾರ



ಮಲೆನಾಡಿನ ಸೆರಗಿನಲ್ಲಿರುವ ಶಿಕಾರಿಪುರ, ಸೊರಬ, ಹಾನಗಲ್ಲಿನ ಕಡೆಗೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಪ್ರಯಾಣ ಮಾಡುವವರಿಗೆ ಡಾಂಬರು ರಸ್ತೆಯ ಒಂದು ಪಕ್ಕ ಹಳದಿ ಬಣ್ಣಕ್ಕೆ ತಿರುಗಿರುವುದು ಕಾಣಿಸುತ್ತದೆ. ಒಕ್ಕಣೆ ಮುಗಿಸಿದ ಮೆಕ್ಕೆಜೋಳವನ್ನು ಒಣಗಿಸಲು ಅನೇಕ ರೈತರಿಗೆ ದೊರೆಯುವ ಗಟ್ಟಿ ನೆಲವೆಂದರೆ ಅದೊಂದೇ. ಮಧ್ಯಾಹ್ನದ ನಂತರ ಮೋಡ ಕವಿಯುತ್ತದೆ. ಮನೆಮಂದಿಯೆಲ್ಲ ಓಡಿ ಬಂದು ಕಾಳನ್ನು ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ. ಮಳೆ ಬಿಡದೆ ಹಿಡಿದರೆ ಮೂರನೆಯ ದಿನ ತಾಡಪಾಲು ಸರಿಸಿದಾಗ ರಾಶಿಯೊಳಗಿಂದ ಹಬೆಯೂ ಮುಗ್ಗು ವಾಸನೆಯೂ ಒಟ್ಟಿಗೆ ಮೇಲೇಳುತ್ತವೆ. ವ್ಯಾಪಾರಿಯು ಕ್ವಿಂಟಾಲಿಗೆ ಇಷ್ಟೆಂದು ಬೆಲೆ ಕಡಿತ ಮಾಡಿ ಚೀಲ ತುಂಬಿಸಿಕೊಳ್ಳುತ್ತಾನೆ. ಆತನೂ ಬೇಡವೆಂದ ಕಾಳು ಮನೆಗೆ ಮರಳುತ್ತದೆ. ಮನೆಗೆ ಮರಳಿದ ಆ ಕಾಳಿನ ಗತಿ ಏನಾಯಿತೆಂದು ಕೇಳುವವರು ವಿರಳ.

ಸಾವಯವ ಕೃಷಿಕರ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ. ರಾಸಾಯನಿಕ ಶಿಲೀಂಧ್ರನಾಶಕಗಳ ನೆರವಿಲ್ಲದೆ, ಬೇಲಿಯಲ್ಲಿ ಬೆಳೆಯುವ ಸೊಪ್ಪುಗಳ ಸಾರದಿಂದಲೇ ಬೂಷ್ಟಿನ ವಿಷವನ್ನು ತಡೆಯಲು ಸಾಧ್ಯವೇ? ಪ್ರಶ್ನೆ ಸಾಧುವಾದುದು, ಉತ್ತರವೂ ಆಶಾದಾಯಕವೇ. ಆದರೆ ಆ ಉತ್ತರಕ್ಕೆ ಒಂದು ಷರತ್ತು ಅಂಟಿಕೊಂಡಿದೆ. ಷರತ್ತನ್ನು ಕೈಬಿಟ್ಟು ಉತ್ತರವನ್ನಷ್ಟೇ ಕರಪತ್ರದಲ್ಲಿ ಅಚ್ಚು ಹಾಕಿಸಿ ಹಂಚಿದರೆ ಒಳಿತಿಗಿಂತ ಕೆಡುಕೇ ಹೆಚ್ಚಾದೀತು. ಇಂದಿನ ಉಪನ್ಯಾಸದ ಬಹುಭಾಗ ಆ ಷರತ್ತಿನ ಕುರಿತಾಗಿಯೇ ಇದೆ.

ಮೊದಲು ವಿಷದ ಪರಿಚಯ. 1960ರಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಯ ಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದ್ದರಿಂದ ಅದಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂದು ಹೆಸರಿಟ್ಟರು. ಹುಡುಕುತ್ತಾ ಹೋದಾಗ ರೋಗದ ಬೇರು ಬ್ರೆಜಿಲ್ ದೇಶದಿಂದ ಬಂದಿದ್ದ ಶೇಂಗಾ ಹಿಂಡಿಯಲ್ಲಿ ಸಿಕ್ಕಿತು. ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಸ್ರವಿಸಿದ ವಿಷಕ್ಕೆ ಅದರ ಹೆಸರಿನ ಅಕ್ಷರಗಳನ್ನೇ ಜೋಡಿಸಿ ಅಫ್ಲಾಟಾಕ್ಸಿನ್ ಎಂದು ಕರೆದರು. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದು ಬಿ ವರ್ಗ, ಹಸಿರಾಗಿ ಹೊಳೆಯುವುದು ಜಿ ವರ್ಗ. ಇವುಗಳಲ್ಲಿ ಬಿ1 ಅತ್ಯಂತ ಉಗ್ರವಾದುದು. ಯಕೃತ್ತಿಗೆ ನೇರವಾಗಿ ಹಾನಿ ಮಾಡುವ ಈ ವಸ್ತುವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಖಚಿತಪಟ್ಟ ಪದಾರ್ಥಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಇದರ ಕ್ಯಾನ್ಸರ್‌ಕಾರಕ ಶಕ್ತಿ ಸುಮಾರು ಮೂವತ್ತು ಪಟ್ಟು ಹೆಚ್ಚೆಂದು ಲೆಕ್ಕ ಹಾಕಲಾಗಿದೆ.

ಸಾವಯವ ಕೃಷಿಯ ಪರವಾಗಿ ಮಾತನಾಡುವವರು ಇಲ್ಲೊಂದು ಕ್ಷಣ ನಿಲ್ಲಬೇಕಾಗುತ್ತದೆ. ಇದು ಯಾವ ಕಾರ್ಖಾನೆಯಲ್ಲೂ ತಯಾರಾದ ವಿಷವಲ್ಲ. ಮಣ್ಣಿನಲ್ಲಿ ಸಹಜವಾಗಿ ವಾಸಿಸುವ ಜೀವಿಯೊಂದು ಸಹಜವಾಗಿ ಉತ್ಪಾದಿಸುವ, ಅಪ್ಪಟ ನೈಸರ್ಗಿಕವಾದ ವಿಷ. ಕೀಟನಾಶಕ ಮುಟ್ಟದ ಹೊಲದ ಶೇಂಗಾದಲ್ಲಿಯೂ ಇದು ಇರಬಲ್ಲದು.

ಭಾರತದ ಕಾನೂನು ಧಾನ್ಯ, ಬೇಳೆಕಾಳುಗಳಲ್ಲಿ ಒಂದು ಕಿಲೋಗೆ 15 ಮೈಕ್ರೋಗ್ರಾಂ ಮಿತಿಯನ್ನು ವಿಧಿಸಿದೆ. ಹತ್ತು ಟನ್ ಹೊರುವ ನೂರು ಲಾರಿಗಳ ಧಾನ್ಯದಲ್ಲಿ ಒಟ್ಟು 15 ಗ್ರಾಂ ಎಂದರೆ ಆ ಪ್ರಮಾಣದ ಅಂದಾಜು ಸಿಕ್ಕೀತು. ಯುರೋಪಿನ ದೇಶಗಳ ಮಿತಿ ಇನ್ನೂ ಬಿಗಿ. ಕಾಳುಮೆಣಸು, ಜಾಯಿಕಾಯಿ, ಮೆಣಸಿನಕಾಯಿಯಂತಹ ಸಾಂಬಾರ ಪದಾರ್ಥಗಳಲ್ಲಿ ಅಲ್ಲಿ ಒಟ್ಟು 10 ಮೈಕ್ರೋಗ್ರಾಮಿಗಿಂತ ಹೆಚ್ಚಿಗೆ ಅವಕಾಶವಿಲ್ಲ. ಮಳೆಗಾಲದ ನಡುವೆಯೇ ಬಲಿತು ಬೀಳುವ ಜಾಯಿಕಾಯಿಯನ್ನು ಒಣಗಿಸುವುದು ಎಷ್ಟು ಕಷ್ಟವೆಂಬುದನ್ನು ಶಿರಸಿ, ಸಿದ್ದಾಪುರದ ತೋಟಿಗರಿಗೆ ಹೇಳಿಕೊಡಬೇಕಾಗಿಲ್ಲ.

ಈ ವಿಷ ಅನ್ನ ಬೇಯಿಸುವ ಬಿಸಿಗಾಗಲಿ ರೊಟ್ಟಿ ಸುಡುವ ಕಾವಿಗಾಗಲಿ ಪೂರ್ಣ ನಾಶವಾಗುವುದಿಲ್ಲ. ಶುದ್ಧ ಅಫ್ಲಾಟಾಕ್ಸಿನ್ ಒಡೆಯಬೇಕಾದರೆ ಇನ್ನೂರೈವತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಉಷ್ಣತೆ ಬೇಕು. ಬೂಷ್ಟನ್ನು ಒರೆಸಿ, ತೊಳೆದು, ಬಿಸಿಲಿಗೆ ಹಾಕಿದರೆ ಶಿಲೀಂಧ್ರ ಕಣ್ಮರೆಯಾಗುತ್ತದೆ. ಕಾಳಿನೊಳಗೆ ಇಳಿದ ವಿಷ ಅಲ್ಲಿಯೇ ಉಳಿಯುತ್ತದೆ. ಬೂಷ್ಟು ಕಂಡಲ್ಲೆಲ್ಲ ವಿಷವಿದೆಯೆಂದು ಅರ್ಥವಲ್ಲ, ಬೂಷ್ಟು ಕಾಣದ ಕಾಳು ಶುದ್ಧವೆಂದೂ ಅರ್ಥವಲ್ಲ.

ಹೀಗಿದ್ದರೂ ಇದೆಲ್ಲ ರಫ್ತುದಾರರ ತಲೆನೋವೆಂದು ಭಾವಿಸುವವರಿದ್ದಾರೆ. ಅವರು 1974ರ ಘಟನೆಯನ್ನು ತಿಳಿದಿರಬೇಕು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಜನರ ಹಳ್ಳಿಗಳಲ್ಲಿ ಕಾಮಾಲೆಯೊಂದು ಕಾಣಿಸಿಕೊಂಡಿತು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಜನ ಸಾಯತೊಡಗಿದರು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ಉಳಿಯಲಿಲ್ಲ. ಅವರೊಂದಿಗೆ ಅದೇ ರೊಟ್ಟಿಯ ಚೂರು ತಿಂದ ನಾಯಿಗಳೂ ಅದೇ ರೀತಿ ಸತ್ತವು. ಸೋಂಕು ರೋಗವಾಗಿದ್ದರೆ ನಾಯಿಗಳು ಹಾಗೆ ಸಾಯಬೇಕಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳ ಗಮನ ಆಹಾರದತ್ತ ಹರಿಯಿತು. ಮೆಕ್ಕೆಜೋಳದ ಮಾದರಿಗಳಲ್ಲಿ ಕಿಲೋಗೆ 6ರಿಂದ 15 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಸಿಕ್ಕಿತು. ಮಿಲಿಗ್ರಾಂ, ಮೈಕ್ರೋಗ್ರಾಂ ಅಲ್ಲ. ಇಂದಿನ ಮಿತಿಯ ನಾನೂರರಿಂದ ಸಾವಿರ ಪಟ್ಟು. ಕೊಯ್ಲಿನ ವೇಳೆಗೆ ಬಂದ ಅಕಾಲಿಕ ಮಳೆಯಲ್ಲಿ ತೆನೆ ನೆನೆದಿತ್ತು, ಒಣಗಿಸಲು ಅನುಕೂಲವಿರಲಿಲ್ಲ, ಮನೆಯಲ್ಲಿ ಬೇರೆ ಧಾನ್ಯವೂ ಇರಲಿಲ್ಲ. ಸುಮಾರು ಒಂದು ತಿಂಗಳ ಕಾಲ ಅವರು ಅದನ್ನೇ ಉಂಡಿದ್ದರು. ಕೀನ್ಯಾ ದೇಶದಲ್ಲಿ 2004ರಲ್ಲಿ ಇದೇ ಕಥೆ ಮರುಕಳಿಸಿ, 317 ಜನ ಕಾಯಿಲೆ ಬಿದ್ದು 125 ಮಂದಿ ತೀರಿಕೊಂಡರು. ಅಲ್ಲಿಯೂ ಮೆಕ್ಕೆಜೋಳವೇ.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆಯೂ ಇದೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಸಮೀಕ್ಷೆಗೆ ಒಳಪಟ್ಟ 50 ಹಳ್ಳಿಗಳಲ್ಲಿ 27ರಲ್ಲಿ ತೊಂದರೆ ಕಂಡುಬಂತು. ಅಲ್ಲಿನ ವಿಷ ಫ್ಯುಮೋನಿಸಿನ್ ಎಂಬ ಬೇರೆ ಜಾತಿಯದು, ಶಿಲೀಂಧ್ರವೂ ಬೇರೆ. ಕಾಯಿಲೆ ಬಿದ್ದವರು ಮಾತ್ರ ಅದೇ ವರ್ಗದವರು, ಕೆಟ್ಟ ಕಾಳನ್ನು ಬಿಸಾಡುವಷ್ಟು ಅನುಕೂಲವಿಲ್ಲದ ಬಡವರು.

ಇನ್ನು ಸೊಪ್ಪಿನ ವಿಚಾರ. ಮೈಸೂರು ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ದೃಷ್ಟಿಯಿಂದ ಗಮನಾರ್ಹವಾದುದು. ಜೋಳ, ಮೆಕ್ಕೆಜೋಳ ಹಾಗೂ ಭತ್ತದ ಬೀಜಗಳಿಂದಲೇ ಬೇರ್ಪಡಿಸಿದ ಎಂಟು ಬಗೆಯ ಆಸ್ಪರ್ಜಿಲಸ್ ಶಿಲೀಂಧ್ರಗಳ ಮೇಲೆ ಅವರು 52 ಸಸ್ಯಗಳ ನೀರಿನ ಸಾರವನ್ನು ಪರೀಕ್ಷಿಸಿದರು. ಹನ್ನೆರಡು ಸಸ್ಯಗಳು ಗಣನೀಯ ಪರಿಣಾಮ ತೋರಿಸಿದವು. ಕರಿಜಾಲಿ, ಸಪೋಟ, ದತ್ತೂರಿ, ನೆಲ್ಲಿ, ನೀಲಗಿರಿ, ಮದರಂಗಿ, ಬಕುಳ, ಪೆಲ್ಟೋಫೋರಂ, ರಸ್ತೆ ಬದಿಯಲ್ಲಿ ಕಂಬದಂತೆ ಬೆಳೆಯುವ ಅಶೋಕ, ಬಳ್ಳಾರಿ ಜಾಲಿ, ದಾಳಿಂಬೆ ಮತ್ತು ನೇರಳೆ. ಈ ಪಟ್ಟಿಯಲ್ಲಿ ದುರ್ಲಭವಾದ ಗಿಡ ಒಂದೂ ಇಲ್ಲ. ಇವುಗಳಲ್ಲಿ ಹಲವು ಒಗರು ರುಚಿಯವು. ನೆಲ್ಲಿ, ನೇರಳೆ, ದಾಳಿಂಬೆಯ ಒಗರಿಗೆ ಕಾರಣವಾದ ಟ್ಯಾನಿನ್ ವರ್ಗದ ಪದಾರ್ಥಗಳಿಗೆ ಶಿಲೀಂಧ್ರವನ್ನು ತಡೆಯುವ ಗುಣವೂ ಇದೆ.

ಸುವಾಸನೆಯ ಎಣ್ಣೆಗಳದು ಇನ್ನೊಂದು ವರ್ಗ. ಲವಂಗ ಮತ್ತು ದಾಲ್ಚಿನ್ನಿಯ ತೈಲಗಳು ಶಿಲೀಂಧ್ರದ ಬೆಳವಣಿಗೆಯನ್ನೂ ವಿಷದ ಉತ್ಪತ್ತಿಯನ್ನೂ ತಡೆಯುತ್ತವೆಂಬುದು 1970ರ ದಶಕದಲ್ಲಿಯೇ ಸ್ಥಿರಪಟ್ಟಿತು. ಲವಂಗದ ಯೂಜಿನಾಲ್, ಓಮದ ಥೈಮಾಲ್, ನಿಂಬೆಹುಲ್ಲಿನ ಸಿಟ್ರಾಲ್ ಇವು ಆವಿಯ ರೂಪದಲ್ಲಿಯೂ ಕೆಲಸ ಮಾಡಬಲ್ಲವು. ಮುಚ್ಚಿದ ಡಬ್ಬಿಯೊಳಗೆ ಕಾಳನ್ನು ಒದ್ದೆ ಮಾಡದೆ ಹರಡುವುದು ಇವುಗಳ ಹೆಚ್ಚುಗಾರಿಕೆ.

ಎಲ್ಲಕ್ಕಿಂತ ಕುತೂಹಲಕರವಾದುದು ಬೇವಿನ ಎಲೆಯ ಪ್ರಯೋಗ. ಅಮೆರಿಕದ ವಿಜ್ಞಾನಿಗಳು 1988ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಶಿಲೀಂಧ್ರ ಬೆಳೆಯುವ ದ್ರಾವಣಕ್ಕೆ ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ಬೇವಿನ ಎಲೆಯ ಸಾರ ಸೇರಿಸಿದಾಗ ಅಫ್ಲಾಟಾಕ್ಸಿನ್ ಉತ್ಪತ್ತಿ ನೂರಕ್ಕೆ 98ರಷ್ಟು ನಿಂತುಹೋಯಿತು. ಆದರೆ ಶಿಲೀಂಧ್ರ ಸಾಯಲಿಲ್ಲ. ಎಂದಿನಂತೆಯೇ ಬೆಳೆಯಿತು, ವಿಷ ತಯಾರಿಸುವುದನ್ನು ಮಾತ್ರ ಮರೆಯಿತು. ಶಿಲೀಂಧ್ರದ ದೇಹದಲ್ಲಿ ಈ ವಿಷದ ತಯಾರಿಕೆಗೆಂದೇ ಸುಮಾರು ಇಪ್ಪತ್ತೈದು ವಂಶವಾಹಿಗಳು ಒಂದೇ ಕಡೆ ಸಾಲಾಗಿ ಕುಳಿತಿವೆ. ಅವುಗಳನ್ನು ಚಾಲನೆಗೊಳಿಸುವ ಕೀಲಿಯಂತಹ ವಂಶವಾಹಿಯೊಂದಿದೆ. ಕೆಲವು ಸಸ್ಯಸಾರಗಳು ಶಿಲೀಂಧ್ರವನ್ನು ಕೊಲ್ಲುವ ಬದಲು ಈ ಸಾಲನ್ನೇ ಸುಮ್ಮನಿರಿಸುತ್ತವೆಂದು ನಂತರದ ಅಧ್ಯಯನಗಳು ತೋರಿಸಿವೆ. ಕೊಲ್ಲದೆ ನಿಯಂತ್ರಿಸುವ ಈ ಬಗೆ ಪರಿಸರವಾದಿಗಳ ಮನಸ್ಸಿಗೆ ಹಿತವೆನಿಸಿದರೆ ಆಶ್ಚರ್ಯವಿಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಂಡುಬಂದಿತ್ತು. ಅದನ್ನು ಯಾರೂ ಹೆಚ್ಚಾಗಿ ಉಲ್ಲೇಖಿಸುವುದಿಲ್ಲ. ವಿಷದ ತಯಾರಿಕೆ ಒಮ್ಮೆ ಆರಂಭವಾದ ನಂತರ ಬೇವಿನ ಸಾರ ಹಾಕಿದರೆ ಪ್ರಯೋಜನವಾಗಲಿಲ್ಲ. ಅಡಿಕೆ ಬೆಳೆಗಾರರಿಗೆ ಇದು ಅಪರಿಚಿತವಾದ ನಿಯಮವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಳಸುವ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ರೂಢಿಗೆ ತಂದು ನೂರು ವರ್ಷಗಳೇ ಕಳೆದಿವೆ. ಮುಂಗಾರು ಹಿಡಿಯುವ ಮೊದಲೇ ಗೊನೆಗೆ ಮದ್ದು ಬೀಳಬೇಕು, ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಕೊನೆಗಾರನ ಕೂಲಿಯೂ ದಂಡ ಎಂಬುದು ಪ್ರತಿ ತೋಟಿಗನಿಗೂ ಗೊತ್ತು. ಸೊಪ್ಪಿನ ಸಾರಕ್ಕೂ ಅದೇ ಮಾತು ಅನ್ವಯಿಸುತ್ತದೆ.

ಈಗ ಷರತ್ತಿನ ಮಾತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಶಿಲೀಂಧ್ರಕ್ಕೆ ಹತ್ತು ಶೇಕಡಾ ಸಾರ ಕೊಡುವುದು ಸುಲಭ. ಒಂದು ಕ್ವಿಂಟಾಲ್ ಮೆಕ್ಕೆಜೋಳಕ್ಕೆ ಅದೇ ಪ್ರಮಾಣದಲ್ಲಿ ಕೊಡಬೇಕೆಂದರೆ ಹತ್ತು ಲೀಟರ್ ಸಾರ ಬೇಕಾಗುತ್ತದೆ. ಸಾರವೆಂದರೆ ಬಹುಪಾಲು ನೀರು. ಹತ್ತು ಲೀಟರ್ ಇರಲಿ, ಎರಡೇ ಲೀಟರಿನ ಲೆಕ್ಕ ನೋಡಬಹುದು. ಚೆನ್ನಾಗಿ ಒಣಗಿ ಶೇಕಡಾ 13ರ ತೇವಾಂಶಕ್ಕೆ ಬಂದಿರುವ ನೂರು ಕಿಲೋ ಕಾಳಿನಲ್ಲಿ 13 ಕಿಲೋ ನೀರಿರುತ್ತದೆ. ಎರಡು ಲೀಟರ್ ಕಷಾಯ ಚಿಮುಕಿಸಿ ಚೀಲ ಕಟ್ಟಿದರೆ 102 ಕಿಲೋದಲ್ಲಿ 15 ಕಿಲೋ ನೀರಾಯಿತು. ತೇವಾಂಶ ಶೇಕಡಾ 14.7ಕ್ಕೆ ಏರಿತು. ಮೆಕ್ಕೆಜೋಳವನ್ನು ದೀರ್ಘಕಾಲ ಇಡಬೇಕಾದರೆ 13, ಹೆಚ್ಚೆಂದರೆ 14ರೊಳಗೆ ಇರಬೇಕು. ಬೂಷ್ಟನ್ನು ತಡೆಯಲೆಂದು ಹಾಕಿದ ಕಷಾಯವೇ ಬೂಷ್ಟಿಗೆ ಬಾಗಿಲು ತೆರೆದಂತಾಯಿತು. ಒಳ್ಳೆಯ ಉದ್ದೇಶದಿಂದ ಹಂಚಲಾದ ಕೆಲವು ‘ಸೊಪ್ಪಿನ ಸಾರ ಸಿಂಪಡಿಸಿ ಧಾನ್ಯ ಸಂರಕ್ಷಿಸಿ’ ಎಂಬ ಸಲಹೆಗಳಲ್ಲಿ ಸಿಂಪಡಿಸಿದ ಮೇಲೆ ಮತ್ತೆ ಒಣಗಿಸಬೇಕೆಂಬ ಮಾತೇ ಇರುವುದಿಲ್ಲ. ಷರತ್ತೆಂದರೆ ಇಷ್ಟೇ. ಒಣಗಿಸುವುದು ಮೊದಲ ಕೆಲಸ. ಸಸ್ಯಸಾರ ಅದಕ್ಕೆ ಸಹಾಯಕವೇ ಹೊರತು ಬದಲಿಯಲ್ಲ.

ಹಾಗಾದರೆ ಸಾರಕ್ಕೆ ಸ್ಥಾನ ಎಲ್ಲಿ? ಕೊಯ್ಲಿಗೂ ಒಣಗುವಿಕೆಗೂ ನಡುವಿನ ಅವಧಿಯಲ್ಲಿ ಎಂಬುದು ಸದ್ಯಕ್ಕೆ ಹೇಳಬಹುದಾದ ಉತ್ತರ. ತೆನೆ ಮುರಿದ ದಿನ ಮೆಕ್ಕೆಜೋಳದಲ್ಲಿ ಶೇಕಡಾ 20ಕ್ಕೂ ಹೆಚ್ಚು ನೀರಿರುತ್ತದೆ. ಬಿಸಿಲಿನ ಭರವಸೆಯಿಲ್ಲದಿದ್ದರೆ ಆ ನಾಲ್ಕೈದು ದಿನಗಳೇ ಶಿಲೀಂಧ್ರಕ್ಕೆ ಸುಗ್ಗಿಯ ದಿನಗಳು. ಹೇಗಿದ್ದರೂ ಒದ್ದೆಯಿರುವ ತೆನೆಗೆ ಸಾರ ಸೋಕಿಸಿ, ಸಿಪ್ಪೆ ಸುಲಿದು ಜೋತುಬಿಟ್ಟರೆ ಅಥವಾ ಗೂಡಿನಲ್ಲಿ ಒಣಗಿಸಿದರೆ ಸಾರದ ನೀರು ಹೊರೆಯಾಗುವುದಿಲ್ಲ. ಎರಡನೆಯದು ಬಿತ್ತನೆ ಬೀಜ. ಅದರಲ್ಲಿ ರುಚಿ, ವಾಸನೆಯ ಚಿಂತೆಯಿಲ್ಲ, ಪ್ರಮಾಣವೂ ಸ್ವಲ್ಪ. ಮೂರನೆಯದು ಮುಚ್ಚಳ ಬಿಗಿಯಾದ ಪಾತ್ರೆಗಳಲ್ಲಿ ಸುವಾಸನಾ ತೈಲಗಳ ಆವಿ. ಸಾಂಬಾರ ಪದಾರ್ಥಗಳಿಗೂ ಬೀಜಕ್ಕೂ ಅದು ಒಗ್ಗುತ್ತದೆ, ಮೂಟೆಗಟ್ಟಲೆ ಧಾನ್ಯಕ್ಕೆ ತೈಲದ ಬೆಲೆ ಒಗ್ಗುವುದಿಲ್ಲ.

ಶೇಂಗಾದ ವಿಷಯ ಸ್ವಲ್ಪ ಭಿನ್ನ. ಚಳ್ಳಕೆರೆ, ಪಾವಗಡದಂತಹ ಒಣಸೀಮೆಯಲ್ಲಿ ಕಾಯಿ ಬಲಿಯುವ ಕೊನೆಯ ನಾಲ್ಕಾರು ವಾರ ಮಳೆ ಕೈಕೊಟ್ಟರೆ ಕಾದ ಮಣ್ಣಿನೊಳಗೇ ಶಿಲೀಂಧ್ರ ಕಾಯಿಯನ್ನು ಹೊಕ್ಕಿರುತ್ತದೆ. ಗಿಡ ಕೀಳುವ ಮೊದಲೇ ವಿಷ ಸೇರಿದ ಕಾಳಿಗೆ ಉಗ್ರಾಣದಲ್ಲಿ ಯಾವ ಸೊಪ್ಪು ಹಾಕಿ ಏನು ಫಲ? ಅಲ್ಲಿ ಕೆಲಸ ಆಗಬೇಕಾದದ್ದು ಹೊಲದಲ್ಲಿ. ತೇವ ಹಿಡಿದಿಡುವ ಕೊಟ್ಟಿಗೆ ಗೊಬ್ಬರ, ಟ್ರೈಕೊಡರ್ಮಾ, ಸಕಾಲದ ಕೊಯ್ಲು, ಕಾಯಿ ಒಡೆಯದಂತೆ ಕೀಳುವ ಎಚ್ಚರ ಇವೇ ಅಲ್ಲಿನ ಮದ್ದು.

ಈಗಾಗಲೇ ಸೇರಿದ ವಿಷವನ್ನು ತೆಗೆಯುವ ಸಸ್ಯವಿಲ್ಲವೇ ಎಂದು ಕೇಳುವವರಿಗೆ ಒಂದು ಆಸೆಯ ಎಳೆ ಇದೆ. ತಮಿಳುನಾಡಿನ ಕೃಷಿ ವಿಜ್ಞಾನಿಗಳು ಓಮದ ಬೀಜದ ಸಾರದಿಂದ ಅಫ್ಲಾಟಾಕ್ಸಿನ್ ಜಿ1 ಬಹುಮಟ್ಟಿಗೆ ಒಡೆಯುವುದನ್ನು 2010ರಲ್ಲಿಯೂ, ಆಡುಸೋಗೆ ಎಲೆಯ ನೀರಿನ ಸಾರದಲ್ಲಿ ಬಿ1 ಇಪ್ಪತ್ನಾಲ್ಕು ಗಂಟೆಗಳಲ್ಲಿ ಶೇಕಡಾ 98ರಷ್ಟು ಕ್ಷಯಿಸುವುದನ್ನು 2014ರಲ್ಲಿಯೂ ವರದಿ ಮಾಡಿದ್ದಾರೆ. ಕೆಮ್ಮಿನ ಕಷಾಯಕ್ಕೆಂದು ಮಲೆನಾಡಿನ ಹಿತ್ತಿಲ ಬೇಲಿಯಲ್ಲಿ ಬೆಳೆಸುವ ಅದೇ ಆಡುಸೋಗೆ. ಬೇವು ಸರಿಯಾಗಿ ಬಾರದ ಮಳೆನಾಡಿಗೆ ಇದು ಒಳ್ಳೆಯ ಸುದ್ದಿಯೇ ಸರಿ. ಆದರೆ ಈ ಕ್ರಿಯೆ ನಡೆದದ್ದು ಪರೀಕ್ಷಾ ನಳಿಕೆಯ ದ್ರಾವಣದಲ್ಲಿ, 37 ಡಿಗ್ರಿ ಉಷ್ಣತೆಯಲ್ಲಿ. ಕಾಳಿನ ತಿರುಳಿನಲ್ಲಿ ಅವಿತ ವಿಷವನ್ನು ಹೀಗೆ ತಲುಪುವುದು ಬೇರೆಯೇ ಕೆಲಸ. ಮುಗ್ಗಿದ ಜೋಳವನ್ನು ಆಡುಸೋಗೆ ನೀರಿನಲ್ಲಿ ನೆನೆಸಿ ಉಣ್ಣಬಹುದೆಂದು ಈ ವರದಿಗಳಿಂದ ಯಾರಾದರೂ ತೀರ್ಮಾನಿಸಿದರೆ ಅದು ಅಪಾಯಕಾರಿ ಅವಸರ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೈಸೂರಿನ ಪಟ್ಟಿಯಲ್ಲಿ ದತ್ತೂರಿಯೂ ಇದೆ. ಅದರ ಬೀಜ ತಿಂದರೆ ಏನಾಗುತ್ತದೆಂಬುದು ಹಳ್ಳಿಯ ಮಕ್ಕಳಿಗೂ ತಿಳಿದಿದೆ. ಸಸ್ಯಜನ್ಯವೆಂದ ಮಾತ್ರಕ್ಕೆ ಅದು ತಟ್ಟೆಗೆ ಯೋಗ್ಯವಲ್ಲ. ಉಣ್ಣುವ ಕಾಳಿಗೆ ಉಣ್ಣಬಹುದಾದ ಗಿಡದ ಸಾರವೇ ಇರಬೇಕು.

ಹಿಂದಿನವರು ಏನು ಮಾಡುತ್ತಿದ್ದರೆಂಬ ಪ್ರಶ್ನೆಗೆ ಬಂದರೆ, ಮಲೆನಾಡಿನ ಪಣತ, ಕರಾವಳಿಯ ಅಕ್ಕಿಮುಡಿ, ಬಯಲುಸೀಮೆಯ ಹಗೇವು ಇವುಗಳನ್ನು ಕೊಂಡಾಡುವುದು ವಾಡಿಕೆ. ಕೊಂಡಾಟ ಸುಳ್ಳಲ್ಲ. ಆದರೆ ಪಣತ ರೂಪುಗೊಂಡದ್ದು ಭತ್ತಕ್ಕಾಗಿ. ಭತ್ತಕ್ಕೆ ಹೊಟ್ಟಿನ ಕವಚವಿದೆ, ಶಿಲೀಂಧ್ರ ಒಳಹೋಗುವುದು ಕಷ್ಟ. ಸುಲಿದ ಮೆಕ್ಕೆಜೋಳಕ್ಕೆ ಅಂತಹ ಹೊದಿಕೆಯಿಲ್ಲ, ಅದರ ಮೊಳಕೆಯ ಭಾಗದಲ್ಲಿ ಎಣ್ಣೆಯಂಶವೂ ಹೆಚ್ಚು. ಮಲೆನಾಡಿನ ಸೆರಗಿಗೆ ಈ ಬೆಳೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಕಳೆದ ಕೆಲವು ದಶಕಗಳಲ್ಲಿ. ಬೀಜ, ಗೊಬ್ಬರ, ಮಾರುಕಟ್ಟೆ ಜೊತೆಯಲ್ಲಿ ಬಂದವು. ಒಣಗಿಸಿ ಕಾಪಿಡುವ ತಿಳಿವಳಿಕೆ ಬರಲಿಲ್ಲ. ಅಜ್ಜಿಯ ಕಾಲದ ಜ್ಞಾನ ಈ ಕಾಳಿನ ಬಗ್ಗೆ ಮೌನವಾಗಿದೆ, ಏಕೆಂದರೆ ಅಜ್ಜಿ ಇದನ್ನು ಮೂಟೆಗಟ್ಟಲೆ ಕಂಡವಳಲ್ಲ.

ಆದರೂ ಎರಡು ಹಳೆಯ ಪದ್ಧತಿಗಳು ಇಂದಿಗೂ ಒದಗುತ್ತವೆ. ಒಂದು, ಬೇಳೆಕಾಳಿನ ಡಬ್ಬಿಯಲ್ಲಿ ಒಣಗಿದ ಲಕ್ಕಿ ಸೊಪ್ಪು ಇಡುವುದು. ಲಕ್ಕಿ ಸೊಪ್ಪಿನ ಮುಖ್ಯ ಕೆಲಸ ಹುಳು ಓಡಿಸುವುದು. ಹುಳು ಕೊರೆದ ಕಾಳಿನಲ್ಲಿ ಶಿಲೀಂಧ್ರಕ್ಕೆ ಸಿದ್ಧ ದಾರಿ ಸಿಗುತ್ತದೆ, ಹುಳುವಿನ ಉಸಿರಿನಿಂದ ಡಬ್ಬಿಯೊಳಗಿನ ತೇವ, ಕಾವು ಎರಡೂ ಏರುತ್ತವೆ. ಹುಳುವಿಲ್ಲದಿದ್ದರೆ ಬೂಷ್ಟಿನ ಅರ್ಧ ಅವಕಾಶ ತಪ್ಪಿದಂತೆ. ಒಣ ಸೊಪ್ಪು ಕಾಳಿಗೆ ನೀರನ್ನೂ ಸೇರಿಸುವುದಿಲ್ಲ. ಎರಡನೆಯದು ಒಲೆಯ ಮೇಲಿನ ಅಟ್ಟ. ಬೀಜದ ತೆನೆ ಅಲ್ಲಿ ಹೊಗೆ ಕುಡಿದು ಒಣಗುತ್ತಿತ್ತು. ಹೊಗೆಯಲ್ಲಿರುವ ಫೀನಾಲ್ ವರ್ಗದ ಪದಾರ್ಥಗಳು ಶಿಲೀಂಧ್ರಕ್ಕೆ ಆಗದವು, ಕೆಳಗಿನ ಕಾವು ತೇವವನ್ನು ಹೀರುತ್ತಿತ್ತು. ಅದೇ ಹೊಗೆ ಅಡುಗೆಮನೆಯ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಸುಟ್ಟದ್ದನ್ನು ಮರೆತು ಅಟ್ಟವನ್ನು ಮರಳಿ ತರಬೇಕೆನ್ನುವುದು ನ್ಯಾಯವಲ್ಲ. ಬದಲಾಗಿ, ಅಡಿಕೆ ಒಣಗಿಸಲೆಂದು ಅನೇಕ ಮನೆಗಳಲ್ಲಿ, ಸಹಕಾರಿ ಸಂಘಗಳಲ್ಲಿ ಈಗಾಗಲೇ ಇರುವ ಡ್ರೈಯರುಗಳಿವೆ. ಅಡಿಕೆಯ ಸರದಿಯ ಬಿಡುವಿನಲ್ಲಿ ನೆರೆಯವನ ಮೆಕ್ಕೆಜೋಳಕ್ಕೆ, ಜಾಯಿಕಾಯಿಗೆ ಅವು ಒದಗಿದರೆ ಯಾವ ಕಷಾಯವೂ ಮಾಡಲಾಗದ ಕೆಲಸವನ್ನು ಎರಡು ದಿನದಲ್ಲಿ ಮಾಡಿಯಾವು.

ಕಾಳು ಒಣಗಿದೆಯೇ ಎಂದು ತಿಳಿಯಲು ಯಂತ್ರವಿಲ್ಲದವರಿಗೆ ಉಪ್ಪಿನ ಪರೀಕ್ಷೆಯಿದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಒಂದು ಹಿಡಿ ಒಣ ಪುಡಿಯುಪ್ಪು ಹಾಕಿ ಕೆಲವು ನಿಮಿಷ ಕುಲುಕಿ ಇಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಸುಮಾರು 15ಕ್ಕಿಂತ ಹೆಚ್ಚು. ಮತ್ತೆ ಬಿಸಿಲಿಗೆ ಹರಡಬೇಕು. ಅಂಟದೆ ಉದುರಿದರೆ ಚೀಲಕ್ಕೆ ತುಂಬುವ ಹಂತ ಸಮೀಪಿಸಿದೆಯೆಂದು ತಿಳಿಯಬಹುದು. ಶೇಂಗಾಕ್ಕೆ ಇದು ಸಾಲದು. ಅದರ ಬೀಜ ಶೇಕಡಾ 8ರ ಆಸುಪಾಸಿಗೆ ಇಳಿಯಬೇಕು. ಕಾಯಿ ಅಲುಗಿಸಿದರೆ ಒಳಗೆ ಕಾಳು ಗಲಗಲ ಎನ್ನಬೇಕು.

ಇನ್ನು ಉಳಿದಿರುವುದು ಆರಿಸಿ ತೆಗೆದ ಕಾಳಿನ ಪ್ರಶ್ನೆ. ಅಫ್ಲಾಟಾಕ್ಸಿನ್ ಎಲ್ಲ ಕಾಳುಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳುಗಳ ನಡುವೆ ಎಲ್ಲೋ ಕೆಲವು ಕಾಳುಗಳು ಇಡೀ ಮೂಟೆಯ ವಿಷವನ್ನು ಹೊತ್ತಿರುತ್ತವೆ. ಸುಕ್ಕಿದ, ಬಣ್ಣಗೆಟ್ಟ, ಒಡೆದ ಕಾಳುಗಳನ್ನು ಕೈಯಿಂದ ಆರಿಸಿ ತೆಗೆದರೆ ವಿಷದ ಬಹುಪಾಲು ಹೊರಬೀಳುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಪರಿಣಾಮಕಾರಿಯಾದ ವಿಧಾನ ಹಳ್ಳಿಯ ಮಟ್ಟದಲ್ಲಿ ಮತ್ತೊಂದಿಲ್ಲ. ತೊಂದರೆಯೆಂದರೆ, ಹೀಗೆ ಆರಿಸಿದ ಕಾಳು ಬುಟ್ಟಿಯಲ್ಲಿ ಒಂದೆಡೆ ಸೇರಿದಾಗ ಅದು ಮೂಲ ಮೂಟೆಗಿಂತ ಎಷ್ಟೋ ಪಟ್ಟು ವಿಷಮಯ. ಆ ಬುಟ್ಟಿ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಕೋಳಿಗೆ, ಸ್ವಲ್ಪ ದನದ ಬಾನಿಗೆ, ಉಳಿದದ್ದು ಗಾಣಕ್ಕೆ. ಕೆಲವೊಮ್ಮೆ ಆರಿಸಲು ಕೂಲಿಗೆ ಬಂದ ಹೆಂಗಸಿನ ಸೆರಗಿಗೆ. ‘ಹಾಳಾಗುವ ಬದಲು ಒಯ್ಯಲಿ’ ಎಂಬ ಮಾತಿನಲ್ಲಿ ಕರುಣೆಯಿದ್ದರೂ ಕಾಳಿನಲ್ಲಿ ಕರುಣೆಯಿರುವುದಿಲ್ಲ.

ದನದ ಬಾನಿಗೆ ಹೋದ ವಿಷ ಅಲ್ಲಿಗೇ ನಿಲ್ಲುವುದಿಲ್ಲ. ಹಸು ತಿಂದ ಬಿ1ರ ಒಂದು ಅಂಶ ಒಂದೇ ದಿನದೊಳಗೆ ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಕಿಲೋಗೆ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ಕಾನೂನಿದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆಂಬುದೊಂದೇ ಸಮಾಧಾನ. ಗಾಣದ ಎಣ್ಣೆಯ ವಿಷಯದಲ್ಲಿಯೂ ಎಚ್ಚರ ಬೇಕು. ವಿಷದ ಹೆಚ್ಚಿನ ಭಾಗ ಹಿಂಡಿಯಲ್ಲಿ ಉಳಿದರೂ ಸ್ವಲ್ಪ ಎಣ್ಣೆಗೂ ಬರುತ್ತದೆ. ಕಾರ್ಖಾನೆಯ ಕ್ಷಾರ ಸಂಸ್ಕರಣೆಯಲ್ಲಿ ಅದು ಕಳೆದುಹೋಗುತ್ತದೆ. ಮರದ ಗಾಣದ ಎಣ್ಣೆಗೆ ಅಂತಹ ಸಂಸ್ಕರಣೆಯಿಲ್ಲ. ಸಹಜವೆಂದು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಎಣ್ಣೆಗೆ ಆರಿಸಿದ ಒಳ್ಳೆಯ ಕಾಳೇ ಬೀಳಬೇಕು, ಆರಿಸಿ ಬಿಟ್ಟ ಕಾಳಲ್ಲ.

ಆ ಬುಟ್ಟಿಗೆ ಸರಿಯಾದ ಜಾಗ ಗೊಬ್ಬರದ ಗುಂಡಿ. ಅದೂ ಮೇಲ್ಮೈಯಲ್ಲಲ್ಲ, ಕೋಳಿ ಕೆದಕಲಾಗದಷ್ಟು ಆಳದಲ್ಲಿ, ಸಗಣಿಯೊಂದಿಗೆ ಬೆರೆಸಿ ಮುಚ್ಚಿ. ಹಾಗೆ ಹೂಳಿದ ಕಾಳಿನ ನಷ್ಟವನ್ನು ರೈತನೊಬ್ಬನೇ ಹೊರಬೇಕೆಂದರೆ ಅವನು ಹೂಳುವುದಿಲ್ಲ. ಹೂಳಬೇಕೆಂದು ಅವನಿಗೆ ಉಪದೇಶಿಸುವ ಅಧಿಕಾರವೂ ಯಾರಿಗೂ ಇರುವುದಿಲ್ಲ. ಸಾವಯವ ಮಾರಾಟ ಮಳಿಗೆಗಳನ್ನು ನಡೆಸುವ ಬಳಗಗಳು ಈ ಲೆಕ್ಕವನ್ನು ಬೆಲೆಯಲ್ಲಿಯೇ ಸೇರಿಸಬಹುದು. ನೂರು ಕಿಲೋ ಶೇಂಗಾ ಬೀಜದಲ್ಲಿ ನಾಲ್ಕು ಕಿಲೋ ಆರಿಸಿ ಗುಂಡಿಗೆ ಹಾಕಿದರೆಂದು ಭಾವಿಸೋಣ. ಕಿಲೋಗೆ ನೂರಿಪ್ಪತ್ತು ರೂಪಾಯಿ ಇದ್ದ ಬೀಜಕ್ಕೆ ಆಗ ನೂರಿಪ್ಪತ್ತೈದು ರೂಪಾಯಿ ಬೀಳುತ್ತದೆ. ಆ ಐದು ರೂಪಾಯಿ ಯಾವುದಕ್ಕೆಂದು ಚೀಲದ ಮೇಲೆ ಒಂದು ಸಾಲು ಬರೆದರೆ ಕೊಳ್ಳುವವರಿಗೂ ತಿಳಿಯುತ್ತದೆ. ಆರಿಸುವ ಹೆಂಗಸರ ದಿನದ ಕೂಲಿಯನ್ನು ಅದರ ಮೇಲೆ ಪ್ರತ್ಯೇಕವಾಗಿ ಕಟ್ಟಬೇಕು.